ಸೀಸದಕಡ್ಡಿ

ಬ್ರೋಕನ್ ಹಿಲ್ಲಿನಲ್ಲಿ ಇವತ್ತು ನಲವತ್ಮೂರು ಡಿಗ್ರಿ.
ಫ್ಯಾನು ತಿರುಗುವುದು ಬರೀ ಮರ್ಯಾದೆಗೆ.
ಏಳನೇ ಕ್ಲಾಸಿನ ಹದಿನೆಂಟು ಮಂದಿ,
ಮೇಜಿನ ಮೇಲೆ ಹೆಸರಿಲ್ಲದ ಚೂರುಗಳು,
ಒಂದು ಬ್ಯಾಟರಿ, ಎರಡು ತಂತಿ, ಕಡಲೆಗಾತ್ರದ ಬಲ್ಬು.

ಮೊದಲು ಉಜ್ಜಿ ನೋಡಿ, ಎಂದೆ.
ಮರಳುಕಾಗದಕ್ಕೆ ತಾಮ್ರ ನಾಚಿ ಕೆಂಪಾಯಿತು.
ಗಂಧಕ ಎಷ್ಟು ಉಜ್ಜಿದರೂ
ಅರಿಶಿನದ ಹಾಗೆ ಉದುರಿತೇ ಹೊರತು ಮಿಂಚಲಿಲ್ಲ.

ಮುಟ್ಟಿದರೆ ತಣ್ಣಗಿರುತ್ತದೆ ಲೋಹ
ಎಂದು ಓದಿಕೊಂಡೇ ಬಂದಿದ್ದ ಹಾರ್ಲನ್
ಕಿಟಕಿಯ ಬಿಸಿಲಲ್ಲಿದ್ದ ಕಬ್ಬಿಣ ಮುಟ್ಟಿ
ಹೌಹಾರಿ ಬೆರಳು ಬಾಯಿಗಿಟ್ಟ.
ಅದೂ ಪುರಾವೆಯೇ ಕಣಪ್ಪಾ,
ಬಿಸಿಯೋ ತಂಪೋ, ಗುಟ್ಟು ನಿಲ್ಲುವುದಿಲ್ಲ ಅದರ ಹೊಟ್ಟೆಯಲ್ಲಿ.

ಈಗ ತಟ್ಟಿ, ಕಣ್ಣು ಮುಚ್ಚಿ ಕೇಳಿ.
ನನ್ನಜ್ಜಿ ಪಾತ್ರೆ ಅಂಗಡಿಯಲ್ಲಿ
ಗೆಣ್ಣಿನಿಂದ ತಟ್ಟಿ ತಟ್ಟಿ
ಸರಿಯಾಗಿ ಉತ್ತರ ಕೊಟ್ಟ ತಂಬಿಗೆಯನ್ನೇ ಕೊಳ್ಳುತ್ತಿದ್ದಳು.

ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್ಲಿಗೆ
ತಂತಿ ಸೋಕಿಸಿದರು. ಬಲ್ಬು ಹತ್ತಿತು!
ಲೋಹ ಲೋಹ ಎಂದು ಗದ್ದಲ.
ಸುತ್ತಿಗೆ ಕೊಟ್ಟೆ.
ಏಟಿಗೆ ಅಗಲವಾಗಬೇಕಾದದ್ದು
ಕಾಡಿಗೆಯಾಗಿ ಕೂತಿತು ಹಲಗೆಯ ಮೇಲೆ.
ನನ್ನ ಭಾಷೆಯಲ್ಲಿ ಇದಕ್ಕೆ ಸೀಸದಕಡ್ಡಿ ಅನ್ನುತ್ತೇವೆ,
ಒಳಗೆ ಸಾಸಿವೆಯಷ್ಟೂ ಸೀಸವಿಲ್ಲ, ಎಂದೆ.
ನಕ್ಕರು.

ಕೊನೆಯ ಚೂರು. ಕೈಗವಸು ತೊಟ್ಟು ನಾನೇ ಇಟ್ಟೆ.
ಈ ಗುಡ್ಡದ್ದೇ, ಊರಿಗೆ ಅನ್ನ ಹಾಕಿದ್ದು.
ತಟ್ಟಿದರೆ ದೊಪ್ ಅಂತು.
ಫೇಲ್, ಎಂದ ಹಾರ್ಲನ್.
ಮೊಳೆಯಿಂದ ಗೀರಿದೆ: ಬೆಳ್ಳಿಯಂಥ ಗೆರೆ.
ಬಡಿದೆ: ರೊಟ್ಟಿಯ ಹಾಗೆ ಹರಡಿತು.
ಬಲ್ಬೂ ಹತ್ತಿತು.
ದನಿಯಿಲ್ಲದಿದ್ದರೂ ಲೋಹವೇ ಇದು, ಸೀಸ.

ಅಷ್ಟು ಹೊತ್ತು ಸುಮ್ಮನಿದ್ದ ಟೀಗನ್ ಪ್ಯಾಸ್ಕೋ
ಚಪ್ಪಲಿಯ ಅಳತೆ ಹೇಳುವ ಹಾಗೆ ಹೇಳಿದಳು:
ಇದು ನನ್ನೊಳಗೂ ಇದೆ ಮಿಸ್.
ಮೂರು ವರ್ಷದವಳಿದ್ದಾಗ ನರ್ಸು ಬೆರಳು ಚುಚ್ಚಿ
ಎಷ್ಟಿದೆ ಅಂತ ಹೇಳಿದ್ದರು.
ಹಿತ್ತಲ ಮಣ್ಣಲ್ಲಿ ಆಡುತ್ತಿದ್ದೆನಲ್ಲ.

ಯಾರೋ ತಂತಿ ಎತ್ತಿಕೊಟ್ಟರು.
ಬಲಗೈಗೊಂದು, ಎಡಗೈಗೊಂದು ಹಿಡಿದು
ಬಲ್ಬನ್ನೇ ನೋಡುತ್ತ ನಿಂತಳು.
ಹದಿನೇಳು ಮಂದಿ ಉಸಿರು ಬಿಗಿಹಿಡಿದರು.

ಹತ್ತಲಿಲ್ಲ.
ಚಪ್ಪಾಳೆ ಬಿತ್ತು. ಅವಳೂ ನಕ್ಕಳು.

ನಾನು ಬೋರ್ಡಿನ ಕಡೆ ತಿರುಗಿ
ಬರೆದದ್ದನ್ನೆಲ್ಲ ಒರೆಸಿದೆ.
ಕೈ ತೊಳೆದುಕೊಳ್ಳಿ, ಎಂದೆ.
ಸೋಪು ಹಾಕಿ.
ಎರಡು ಸಲ.