ಹತ್ತೊಂಬತ್ತು ನೀಲಿ

ಸೊಮಾನ್ಯಾದ ಮಾಮ್ಲೆ ತಂದದ್ದು ಒಂದೇ ಸೀಸೆ,
ಹೊಟ್ಟೆಯುರಿಯ ಔಷಧದ್ದು, ಕಡುನೀಲಿ, ಅಂಗೈಯುದ್ದ.
ತಲೆವಸ್ತ್ರದಲ್ಲಿ ಸುತ್ತಿ
ಬಸ್ಸಿನುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು.
ಚೀಟಿ ಅರ್ಧ ಹರಿದಿತ್ತು. ಉಳಿದದ್ದು ಇಷ್ಟು:
ದಿನಕ್ಕೆರಡು ಚಮಚ. ಚೆನ್ನಾಗಿ ಕುಲುಕಿ.

"ಅಮ್ಮನದು. ಕೊನೆಯ ಮೂರು ತಿಂಗಳು
ಗಂಜಿಗಿಂತ ಇದನ್ನೇ ಹೆಚ್ಚು ಕುಡಿದಳು.
ಮಗಳ ಸೊಂಟಕ್ಕೆ ಮಣಿಯಾಗಲಿ, ದಿಪೋ ಹಬ್ಬಕ್ಕೆ.
ಹತ್ತೊಂಬತ್ತು ಬೇಕು."
ಯಾಕೆ ಹತ್ತೊಂಬತ್ತು ಎಂದು ನಾನು ಕೇಳಲಿಲ್ಲ.
ಕೈಯಲ್ಲೇ ತೂಗಿದೆ: ಹನ್ನೊಂದು, ಮೀರಿದರೆ ಹನ್ನೆರಡು.
ಅದನ್ನೂ ಹೇಳಲಿಲ್ಲ.

ನಿನಗೆ ಗೊತ್ತಲ್ಲ ಟೆಯೆ,
ನಮ್ಮ ಒಡುಮಾಸೆಗೆ ಗಾಜು ತಾನಾಗಿ ಬರುತ್ತದೆ.
ಬಿಯರಿನ ಕಂದು, ಬಾರಿನ ಹಿತ್ತಿಲ ಹಸಿರು,
ಉರುಳಿದ ಲಾರಿಯ ಕಿಟಕಿ,
ಗಂಡ ಹೆಂಡಿರು ಜಗಳಾಡಿದ ಮನೆಯ ಲೋಟ.
ನೀಲಿ ಮಾತ್ರ ಅಪರೂಪ.
ನೀಲಿ ಬರಬೇಕಾದರೆ ಯಾರಾದರೂ ಕಾಯಿಲೆ ಬೀಳಬೇಕು.

ಲಾರಿಯ ಉಕ್ಕೇ ಒರಳು, ಲಾರಿಯ ಉಕ್ಕೇ ಒನಕೆ.
ಮೊದಲ ಪೆಟ್ಟಿಗೆ ಸೀಸೆಯ ಕುತ್ತಿಗೆ ಹೋಯಿತು,
ಎರಡನೆಯದಕ್ಕೆ ಚಮಚದ ಲೆಕ್ಕ.
ಜರಡಿ ಹಿಡಿದು, ಅಚ್ಚಿನ ಗುಳಿಗಳಿಗೆ ಬಿಳಿಮಣ್ಣು ಬಳಿದು,
ಪುಡಿ ತುಂಬಿ, ಪ್ರತಿ ಗುಳಿಯ ನಡುವೆ
ಮರಗೆಣಸಿನ ಎಲೆಯ ತೊಟ್ಟೊಂದನ್ನು ನೆಟ್ಟಗೆ ನಿಲ್ಲಿಸಿದೆ.
ಬೆಂಕಿಯಲ್ಲಿ ತೊಟ್ಟು ಬೂದಿಯಾಗುತ್ತದೆ,
ಅದು ನಿಂತಿದ್ದ ಜಾಗ ಮಾತ್ರ ಉಳಿಯುತ್ತದೆ.
ದಾರಕ್ಕೆ ಅಷ್ಟೇ ಬೇಕು.

ಹುತ್ತದ ಮಣ್ಣಿನ ಗೂಡು, ತಾಳೆಬೀಜದ ಚಿಪ್ಪಿನ ಉರಿ.
ಬೇಯುವ ತನಕ ಕಾದೆ.
ಆರುವ ತನಕ ಕಾಯಲಾಗಲಿಲ್ಲ:
ಪಾದಿಯ ಬಾರಿನ ರೇಡಿಯೋದಲ್ಲಿ ಕಾಲ್ಚೆಂಡು,
ಕೊನೆಯ ಹತ್ತು ನಿಮಿಷ, ಸಮಸಮ.
ಬಿಸಿ ಅಚ್ಚನ್ನು ಹೊರಗೆಳೆದು ನೆಲಕ್ಕಿಟ್ಟು ಓಡಿದೆ.
ಬಾಗಿಲು ದಾಟುವ ಮೊದಲೇ ಬೆನ್ನ ಹಿಂದೆ
ಟಿಕ್ ಅಂತು. ಮತ್ತೆ ಟಿಕ್.
ಮೂರನೆಯದು ಕೇಳಿಸಲಿಲ್ಲ, ಯಾರೋ ಗೋಲು ಹೊಡೆದಿದ್ದರು.

ಹನ್ನೊಂದರಲ್ಲಿ ಎಂಟು.

ಅದೇ ರಾತ್ರಿ ಪಾದಿಯ ಹಿತ್ತಿಲಲ್ಲಿ
ಜಿನ್ನಿನ ಸೀಸೆಯೊಂದು ಸಿಕ್ಕಿತು. ನೀಲಿಯೇ, ಸ್ವಲ್ಪ ತಿಳಿ,
ಪಂದ್ಯ ಗೆದ್ದ ಖುಷಿಗೆ ಯಾವನೋ ಕುಡಿದು ಎಸೆದದ್ದು.
ಕುಟ್ಟಿದೆ. ಒಡೆದ ಮೂರನ್ನೂ ಮತ್ತೆ ಕುಟ್ಟಿ
ಹೊಸ ಹನ್ನೊಂದಕ್ಕೂ ಚಿಟಿಕೆ ಚಿಟಿಕೆ ಹಂಚಿದೆ,
ಸಾರಿಗೆ ಉಪ್ಪು ಹಾಕಿದಂತೆ,
ಪೂರ್ತಿ ಸುಳ್ಳಾಗದಿರಲಿ ಎಂದು.
ಈ ಸಲ ಬೆಳಗಿನ ತನಕ ಗೂಡಿನ ಪಕ್ಕದಲ್ಲೇ ಕೂತಿದ್ದೆ.

ಶನಿವಾರ ಬಂದಳು.
ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಿದಳು.
ಹದಿಮೂರನೆಯದಕ್ಕೆ ಕೈ ನಿಂತಿತು.
"ಇದರಲ್ಲಿದ್ದಾಳೆ," ಅಂದಳು. ತುಟಿಗೆ ಒತ್ತಿಕೊಂಡಳು.
ಆ ಮಣಿಯ ತೂತು ಕೊಂಚ ಓರೆ.
ಓರೆಯಾದದ್ದು ಎರಡನೆಯ ಬಾರಿಯ ಗೂಡಿನಲ್ಲಿ, ನನಗೆ ಗೊತ್ತು.

ಬಾಯಿ ತೆರೆದೆ.
"ಎರಡು ಸೆಡಿ ಕಡಿಮೆ ಕೊಡಿ," ಅಂದೆ.
ಒಳ್ಳೆಯವನು ನೀನು ಎಂದಳು.

ಏಪ್ರಿಲ್‌ನಲ್ಲಿ ಬೇಲಿಯಾಚೆ ನಿಂತು ನೋಡಿದೆ.
ಹುಡುಗಿಯ ಸೊಂಟದಲ್ಲಿ ಐದಾರು ಎಳೆ, ಹಳದಿ, ಕೆಂಪು,
ನಡುವೆ ಅಜ್ಜಿಯ ಹೊಟ್ಟೆನೋವು ಎಂಟು,
ಯಾರದೋ ಗೆಲುವು ಹನ್ನೊಂದು.
ಎಣಿಸಲು ನೋಡಿದೆ, ಏಳಕ್ಕೆ ಲೆಕ್ಕ ತಪ್ಪಿತು.
ನಿಧಾನದ ಹೆಜ್ಜೆ, ಆದರೂ ಮಣಿಗಳು
ಒಂದನ್ನೊಂದು ಬಿಡದೆ ಮಾತಾಡಿಸುತ್ತಿದ್ದವು.
ಚೆನ್ನಾಗಿ ಕುಲುಕಿ ಅಂದಿದ್ದ ಚೀಟಿ ನೆನಪಾಯಿತು.
ಮಾಮ್ಲೆ ನನ್ನನ್ನು ಕಂಡು ಕೈಯೆತ್ತಿದಳು.
ನಾನೂ ಎತ್ತಿದೆ. ಮತ್ತೇನು ಮಾಡಲಿ.

ಹೂಂ, ಕುಟ್ಟು. ಕಣ್ಣು ಆಚೆ ತಿರುಗಿಸಿ ಕುಟ್ಟು, ಚೂರು ಹಾರುತ್ತದೆ.
ಒರಳ ತಳದ ಬಿರುಕಿನಲ್ಲಿ ಒಂದಿಷ್ಟು ನೀಲಿ ಕೂತಿದೆ ನೋಡು,
ಎಷ್ಟು ತೊಳೆದರೂ ಹೋಗಿಲ್ಲ.
ಯಾರದೆಂದು ಕೇಳಬೇಡ.