ಕೈಗಡ

ಎಂಟನೇ ತಿಂಗಳು.
ಖಾರಿವಾಡದ ಜೆಟ್ಟಿಯೊಳಗ ಸಿಗಡಿ ಆರಿಸೋ ಕೆಲಸ ಬಿಟ್ಟಿಲ್ಲ,
ಬರ್ಫದ ಪೆಟ್ಟಿಗಿ ಎತ್ತೋದೊಂದು ಬಿಟ್ಟೀನಿ.
ಕೈಬೆರಳು ಸತ್ತಂಗ ತಣ್ಣಗ,
ಹೊಟ್ಟಿ ಮಾತ್ರ ಈಗಷ್ಟ ಒಲಿಮ್ಯಾಲಿಂದ ಇಳಿಸಿದ ಗಡಗಿ.

ಚಿಖಲಿ ದವಾಖಾನ್ಯಾಗ ಸೂಜಿ ಚುಚ್ಚಿ
ಸಿಸ್ಟರ್ ಎಸ್ಪೆರಾನ್ಸಾ ಅಂದಳು: ಭಿಯೆನಾಕಾ,
ಇದು ನಿನಗಲ್ಲ, ಒಳಗಿನವರಿಗೆ.
ಆಕಿ ಕನ್ನಡ ಅರ್ಧ, ನನ್ನ ಕೊಂಕಣಿ ಪಾವು,
ಕೂಡಿಸಿದರ ಮುಕ್ಕಾಲು ತಿಳೀತು:
ನಿನ್ನ ಮೈ ಯಾವ್ಯಾವ ಜಡ್ಡಿನ ಕೂಡ ಜಗಳಾಡಿ ಗೆದ್ದೈತೋ
ಆ ಜಗಳದ ನೆನಪು
ಮಾಸು ದಾಟಿ, ಹೊಕ್ಕುಳಬಳ್ಳಿ ಹಿಡಿದು
ಕೂಸಿಗೆ ಇಳೀತೈತಿ.
ಕಡೀ ತಿಂಗಳಾಗ ಭಾಳ,
ಹಬ್ಬದ ಹಿಂದಿನ ರಾತ್ರಿ
ವಾಸ್ಕೋದಿಂದ ಊರಿಗೆ ಹೊಂಟ ಬಸ್ಸಿನಂಗ ಒತ್ತಿ ಒತ್ತಿ.

ಮನಿಗೆ ಬಂದು ಲೆಕ್ಕ ಹಾಕಿದೆ.
ಏನೈತಿ ನನ್ನ ಕಡೆ ಕೊಡಾಕ?
ಬೋರಮಾಳ ಅಡವಿಗೆ ಹೋಗೇತಿ,
ಲಗಮವ್ವನ ಬಿಶಿ ಇನ್ನೂ ನಾಕು ಕಂತು.
ಜಡ್ಡು ಮಾತ್ರ ರಗಡ:
ಬಾಯ್ನಾದ ಖೋಲ್ಯಾಗ ಬಂದ ಮಂಗನಬಾವು,
ಗಲ್ಲದ ಮ್ಯಾಲ ಎರಡು ಕುಣಿ ಬಿಟ್ಟು ಹೋದ ಸೀತಾಳೆ ಸಿಡುಬು,
ಮತ್ತ ದಡಾರ.

ದಡಾರ ಅಂದರ ವೆರ್ಣಾ ರಸ್ತೆ.
ಅವ್ವ ಅಪ್ಪ ಡಾಂಬರು ಹಾಕತಿದ್ದರು.
ತಾಡಪತ್ರಿ ಗುಡಿಸಲಾಗ ನಾವಿಬ್ಬರು,
ಒಂದ ಕೌದಿ, ಒಂದ ಜ್ವರ,
ನಾ ಆರು ವರ್ಷದಾಕಿ, ಯಮನೂರ ಎರಡು.
ಬೇವಿನ ತೊಪ್ಪಲು ಹುಡುಕಾಕ ಹೋದ ಅಪ್ಪ
ಎಲ್ಲೂ ಸಿಗದ ಬರೀಗೈಲೆ ತಿರುಗಿ ಬರೂದ್ರಾಗ
ಕೌದಿಯೊಳಗ ನಾನೊಬ್ಬಾಕಿನ ಬಿಸಿ ಇದ್ದೆ.

ಅವನ ಹೆಸರು ಮನ್ಯಾಗ ಯಾರೂ ಎತ್ತಂಗಿಲ್ಲ.
ಫೋಟೋ ಇಲ್ಲ. ರೇಶನ್ ಕಾರ್ಡಿಗೆ ಅಂವ ಏರಲೇ ಇಲ್ಲ.
ಆದರ ರಕ್ತ ಮರೆತಿಲ್ಲಂತ.
ಇಪ್ಪತ್ತೊಂದು ವರ್ಷ ಆ ಒಂದು ರಾತ್ರಿ ಕಾಯ್ಕೊಂಡು ಕುಂತು
ಈಗ ಕೂಸಿನ ಕಿವಿಯಾಗ ಹೇಳತೈತಿ:
ಹಿಂಗಿರತೈತಿ ನೋಡು ಅದರ ಮಾರಿ,
ಬಂದರ ಬಾಗಿಲ ತೆಗೀಬ್ಯಾಡ.

ಎಷ್ಟು ದಿನ ಉಳೀತೈತಿ ಇದು?
ಮುಂದಿನ ವಾರ ಹೋಗಿ ಕೇಳಿದೆ.
ಆರು ತಿಂಗಳು. ಭಾಳಂದರ ಒಂಬತ್ತು. ಆಮ್ಯಾಲ ಕರಗತೈತಿ.
ಅಯ್ಯ, ಇದೂ ಕೈಗಡಾನ?
ಸಿಸ್ಟರ್ ನಕ್ಕಳು.
ಒಂಬತ್ತಕ್ಕ ಕೂಸಿಗೇ ದಡಾರದ ಸೂಜಿ, ತಪ್ಪಿಸಬ್ಯಾಡ.
ಹುಟ್ಟಿದ ಕೂಡಲೇ ಯಾಕ ಹಾಕಂಗಿಲ್ಲ?
ನೀ ಕಳಿಸಿದ ಕಾವಲಿನವರು ಇರೂತನ
ಆ ಸೂಜಿನೂ ವೈರಿ ಅಂತ ತಿಳದು
ಹೊಸ್ತಿಲದಾಗ ಹೊಡದು ಹಾಕತಾರ,
ಕೂಸು ಏನೂ ಕಲಿಯಂಗಿಲ್ಲ.

ಅಂದರ ನಾ ಸರೀಬೇಕು.
ಒಳಗ ಒಂಬತ್ತು ತಿಂಗಳು ಇಟ್ಟಾಕಿ
ಹೊರಗಿನ ಒಂಬತ್ತರಾಗ
ಅದರ ರಕ್ತದಿಂದ ಗಂಟುಮೂಟಿ ಕಟ್ಟಬೇಕು.

ರಾತ್ರಿ ಗಂಡ ಬಂದರಿಂದ ಬಂದು
ಅಂಗಿ ಝಾಡಿಸಿದ, ಅಂಗಳಕ್ಕೆಲ್ಲ ಕಲ್ಲಿದ್ದಲ ಹುಡಿ.
ಮಗ್ಗಲಾಗಿ ಮಲಗಿದೆ. ಒದೀತು,
ಪಕ್ಕಡಿ ಕೆಳಗ, ಎಡಕ್ಕ,
ಯಮನೂರ ಒದೀತಿದ್ದ ಜಾಗಾದಾಗ,
ಕೌದಿ ಪೂರಾ ತನ್ನ ಕಡೆ ಎಳಕೊಳ್ಳುವಾಗ.

ಎಳಕೋ, ಅಂದೆ.