ಸಂದಿನ ಲೆಕ್ಕ

ಸುಂಕಮ್ಮ ಗಾಡಿ ನಿಲ್ಲಿಸಿದ್ದು
ನನ್ನ ಹೊಸ್ತಿಲಿಗೆ ಮುಂದಿನ ಗಾಲಿ ತಾಗಿಸಿ.
ಹಿಂದೆ ಮೂರು ಮೂಟೆ ಜೀನ್ಸು,
ಹತ್ತರೊಳಗೆ ವಾಷಿಂಗಿಗೆ ಮುಟ್ಟಬೇಕಾದದ್ದು.

"ಟಿಕ್ ಟಿಕ್ ಅಂತೈತೆ ಎರ್ರಿಸ್ವಾಮಣ್ಣ, ವಾರ ಆತು.
ಮುಂಜಾನೆ ಜಾಸ್ತಿ, ಬಿಸಿ ಆದ್ರೆ ಕಮ್ಮಿ.
ಮೋತಿ ಸರ್ಕಲ್ ದಾಟೋ ಹೊತ್ತಿಗೆ ಇರಂಗೇ ಇಲ್ಲ."

ನಾನಾಗಲೇ ಹದಿನೇಳರ ಸ್ಪ್ಯಾನರ್ ಹುಡುಕುತ್ತಿದ್ದೆ.
ಟಿಕ್ ಅಂದರೆ ಟ್ಯಾಪೆಟ್.
ಮೂವತ್ತೊಂದು ವರ್ಷದಿಂದ ಹಾಗೇ.

ಉದ್ದ ಸ್ಕ್ರೂಡ್ರೈವರಿನ ಮೊನೆ ಹೆಡ್ಡಿನ ಮೇಲೆ,
ಹಿಡಿ ನನ್ನ ಹಲ್ಲುಗಳ ನಡುವೆ.
ಎಡಗಿವಿ ಎಂದೋ ಕೆಲಸ ಬಿಟ್ಟಿದೆ,
ಬಲಗಿವಿ ಅರ್ಧ ದಿನದ ಕೂಲಿ,
ದವಡೆಯೊಂದು ಇನ್ನೂ ಹಾಜರಿ ತಪ್ಪಿಸಿಲ್ಲ.
ಎಂಜಿನ್ನು ಬಾಯೊಳಗೆ ಮಾತಾಡಿತು,
ಅಕ್ಷರಗಳು ಒಂದರ ಮೇಲೊಂದು ಬಿದ್ದ ಹಾಗೆ.

ತಲೆಯ ಮೇಲೆ, ಮಾಳಿಗೆಯಲ್ಲಿ,
ಹನ್ನೆರಡು ಹೊಲಿಗೆ ಮಿಷನ್ನು.
ದಪ್ಪ ಬಟ್ಟೆಗೆ ದಪ್ಪ ಸೂಜಿ.
ಸ್ಲ್ಯಾಬಿನ ಸುಣ್ಣ ಟೀ ಲೋಟಕ್ಕೆ ಉದುರುತ್ತದೆ.
ಅವುಗಳ ಟಿಕ್ ಯಾವುದು, ಇದರ ಟಿಕ್ ಯಾವುದು?
ಯಾರಾದರೂ ಕೇಳಿದ್ದರೆ
ಗೊತ್ತು ಅನ್ನುತ್ತಿದ್ದೆ.

ತಣ್ಣಗಾಗಲಿ ಎಂದು ಕಾದೆವು.
ಕೌಲ್ ಬಜಾರಿನ ಏಪ್ರಿಲಿನಲ್ಲಿ ತಣ್ಣಗೆ ಅಂದರೆ
ಮುಟ್ಟಿದ ಕೈಯನ್ನು ತಕ್ಷಣ ಹಿಂದೆಳೆಯದಷ್ಟು.
ಸುಂಕಮ್ಮ ಮೂಟೆಯ ಮೇಲೆ ಕೂತು
ಬಿಚ್ಚಿದ ದಾರ ಕಚ್ಚಿ ಕಚ್ಚಿ ಉಗುಳಿದಳು.

ಮ್ಯಾಗ್ನೆಟ್ಟಿನ ಕಿಟಕಿಗೆ ಗುರುತು ಬರುವ ತನಕ ತಿರುಗಿಸಿ,
ಫೀಲರ್ ಗೇಜಿನ ಎಂಟು ಪಾಯಿಂಟಿನ ಎಲೆ ತೂರಿಸಿ
ಮೆಲ್ಲಗೆ ಎಳೆದೆ.
ಹೊಸ ನೋಟಿನ ಕಟ್ಟಿನಿಂದ ಒಂದೇ ನೋಟು
ಎಳೆದಾಗ ಬೆರಳಿಗೆ ತಿಳಿಯುತ್ತದಲ್ಲ, ಅಷ್ಟು ಹಿಡಿತ.
ಕೂದಲು ಸಡಿಲವಿತ್ತು. ಸರಿ ಮಾಡಿದೆ.
ನಟ್ಟು ಬಿಗಿದೆ, ಮುಚ್ಚಳ ಹಾಕಿದೆ, ಕಿಕ್ ಹೊಡೆದೆ.

ಟಿಕ್.
ಮೊದಲಿಗಿಂತ ಜೋರು.

ಸುಂಕಮ್ಮ ಏನೂ ಅನ್ನಲಿಲ್ಲ.
ಅನ್ನದೇ ಇರುವುದರಲ್ಲಿ ಅವಳು ಪಳಗಿದ ಕೈ.
"ಟೈಮಿಂಗ್ ಚೈನು," ಎಂದೆ, ಅವಳ ಕಡೆ ನೋಡದೆ,
"ಎರಡು ಸಾವಿರ ಆದೀತು."
ಅವಳು ಮೂಟೆ ಎಣಿಸಿದಳು,
ಮೂರೇ ಇದ್ದವು, ಆದರೂ ಎಣಿಸಿದಳು.

ಆಗ ಕರೆಂಟು ಹೋಯಿತು.

ಹನ್ನೆರಡು ಸೂಜಿ ಒಮ್ಮೆಗೇ ಬಟ್ಟೆಯೊಳಗೆ ನಿಂತವು.
ಮೇಲೆ ಯಾರೋ ಹುಡುಗಿ ಮುರಿದ ನಗೆ ನಕ್ಕಳು.
ಇಡೀ ಓಣಿಯಲ್ಲಿ ಉಳಿದದ್ದು ಈ ಒಂದು ಎಂಜಿನ್ನು,
ಅದರ ಸದ್ದು
ಟಿಕ್ ಅಲ್ಲವೇ ಅಲ್ಲ. ಚಿಫ್. ಚಿಫ್.
ಹಲ್ಲಿನ ಸಂದಿನಿಂದ ಗಾಳಿ ಬಿಟ್ಟ ಹಾಗೆ.

"ಉಸ್ತಾದ್, ನನ್ನ ಮೊಣಕಾಲಿಗೆ ಬಡೀತೈತೆ,"
ಎಂದ ಷೇಕ್ಷಾವಲಿ, ಮುಂದೆ ಕುಕ್ಕರಗಾಲಲ್ಲಿ ಕೂತವನು.
ಸೈಲೆನ್ಸರಿನ ಬಾಯಿಗೆ ಒದ್ದೆ ಬಟ್ಟೆ ಒತ್ತಿಸಿದೆ.
ಇತ್ತ ಎಕ್ಸಾಸ್ಟಿನ ಕುತ್ತಿಗೆಯಲ್ಲಿ ಸದ್ದು ಎರಡಾಯಿತು.
ಬಗ್ಗಿ ನೋಡಿದರೆ
ಒಂದು ನಟ್ಟು ಇಲ್ಲ, ಇನ್ನೊಂದು ಸಡಿಲ,
ನಡುವೆ ಕಾಡಿಗೆಯ ಗೆರೆ, ಕಣ್ಣಿಗೆ ತೀಡಿದಷ್ಟು ನೀಟಾಗಿ.

ಲೋಹ ಬಿಸಿಯಾದರೆ ಹಿಗ್ಗುತ್ತದೆ, ಸಂದು ಮುಚ್ಚುತ್ತದೆ.
ಮೋತಿ ಸರ್ಕಲ್ ಹೊತ್ತಿಗೆ ಇರುವುದಿಲ್ಲ.

ಒಂದು ತಾಮ್ರದ ಬಳೆ, ಎರಡು ನಟ್ಟು.
ಅರವತ್ತು ರೂಪಾಯಿ.
ಟ್ಯಾಪೆಟ್ಟಿನ ಕೂಲಿ ಕೇಳಲಿಲ್ಲ ನಾನು,
ಕೊಡಲು ಅವಳೂ ಹೋಗಲಿಲ್ಲ.

"ಇನ್ನೂ ಸಣ್ಣಗೆ ಐತಲ್ಲ?" ಕಿವಿಗೊಟ್ಟು ಕೇಳಿದಳು.
"ಅದು ಇರಬೇಕು. ಪೂರಾ ಬಿಗಿದ್ರೆ ಸದ್ದಿರಲ್ಲ,
ವಾಲ್ವು ಸುಮ್ಮನೆ ಸುಡ್ತೈತೆ ಒಳಗೊಳಗೇ."
"ಹೊಲಿಗೇಲೂ ಹಂಗೇ," ಎಂದಳು, ಮೂಟೆಯ ಹಗ್ಗ ಬಿಗಿಯುತ್ತ.
"ಅರ್ಧ ಇಂಚು ಒಳಗೆ ಬಿಡ್ದಿದ್ರೆ ಕುಂತಾಗ ಪರ್ ಅಂತೈತೆ."
ಹತ್ತೂ ಮುಕ್ಕಾಲು. ಹೋದಳು,
ವಾಷಿಂಗಿನವರ ಬೈಗುಳದ ಕಡೆಗೆ.

ಮುಂದಿನ ಗಿರಾಕಿ, ಹಾಲಿನ ಕ್ಯಾನಿನವನು.
ನಾನು ಸ್ಪ್ಯಾನರ್ ಕೆಳಗಿಟ್ಟೆ,
ಕೈ ಒರೆಸಿಕೊಂಡೆ, ಬಲಗಿವಿ ಅವನತ್ತ ತಿರುಗಿಸಿದೆ:
"ಹೇಳು, ಯಾವಾಗಿಂದ, ಯಾವ ಹೊತ್ತಿಗೆ, ಹೆಂಗೆ?"
ಅವನು ಬಾಯಿ ತೆರೆದ.

ಮೇಲೆ ಕರೆಂಟು ಬಂತು.